ಊರನ್ನು ಮತ್ತೆ ತೆರೆಯುವುದು ಹೇಗೆ? ಸೋಂಕಿನ ಕಾಲಕ್ಕೆ ಪಂಚಾಯಿತಿಯವರ ಸಮಗ್ರ ಮಾರ್ಗದರ್ಶಿ

2021ರ ಜೂನ್ 14ರಂದು ಕರ್ನಾಟಕದಲ್ಲಿ ಕೊರೊನಾ ಲಾಕ್‌ಡೌನ್ ಸಡಿಲವಾಯಿತು. 11 ಜಿಲ್ಲೆಗಳಲ್ಲಿ ಮಾತ್ರ ಮುಂದುವರಿಯಿತು, ಅದರಲ್ಲಿ ಬೆಳಗಾವಿಯೂ ಒಂದು. ನಮ್ಮ ವಿಜಯಪುರಕ್ಕೆ ಸಡಿಲಿಕೆ ಸಿಕ್ಕಿತ್ತು. ಸರಿಯಾಗಿ ಒಂದು ವಾರ ಕಳೆದು ಜೂನ್ 21 ಬಂತು, ಲೆಕ್ಕ ಉಲ್ಟಾ ಆಯಿತು. ಬೆಳಗಾವಿ, ಬಾಗಲಕೋಟೆ ಎರಡೂ ಶೇ 5ಕ್ಕಿಂತ ಕಡಿಮೆ ಪಾಸಿಟಿವಿಟಿ (ಟೆಸ್ಟ್ ಮಾಡಿಸಿದವರಲ್ಲಿ ಸೋಂಕು ಕಂಡವರ ಪಾಲು) ಇರುವ 16 ಜಿಲ್ಲೆಗಳ ಪಟ್ಟಿಗೆ ಸೇರಿದವು, ಅಲ್ಲಿ ಸಂಜೆ 5ರವರೆಗೆ ಅಂಗಡಿ ತೆರೆದವು. ವಿಜಯಪುರ ಶೇ 5ರಿಂದ 10ರ ಪಟ್ಟಿಯಲ್ಲಿ ಉಳಿಯಿತು. ನಮ್ಮ ಊರಿನವರಿಗೆ ಬೆಳಗಾವಿ ಜಿಲ್ಲೆಯ ಅಥಣಿ ಕಡೆಯ ಬೀಗರಿಂದ ಫೋನ್ ಬರುತ್ತಿತ್ತು. ಚಾವಡಿ ಮುಂದೆ ನಿಂತರೆ ಒಂದೇ ಪ್ರಶ್ನೆ: "ಮೆಂಬರ್ರ, ಅಲ್ಲಿ ಎಲ್ಲಾ ಚಾಲೂ ಐತಿ, ಇಲ್ಲ್ಯಾಕ ಬಂದ್ ಐತಿ?"

ನಾನು ಆಗ ಇಂಡಿ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯ. 2020ರ ಡಿಸೆಂಬರ್ ಚುನಾವಣೆಯಲ್ಲಿ ಆರಿಸಿ ಬಂದೆ. ಕುರ್ಚಿ ಬೆಚ್ಚಗಾಗುವ ಮೊದಲೇ ಎರಡನೇ ಅಲೆ ಬಂತು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಒಂದು ವಿಷಯ ಮನಸ್ಸಿಗೆ ಗಟ್ಟಿಯಾಯಿತು. ಜಿಲ್ಲೆಯ ದರ ವಾರಕ್ಕೊಮ್ಮೆ ಏರಿಳಿಯುತ್ತದೆ, ಆದೇಶ ಅದರ ಬೆನ್ನು ಹಿಡಿದು ಬರುತ್ತದೆ. ಊರಿಗೆ ತನ್ನದೇ ಒಂದು ಯೋಜನೆ ಬೇಕು. ಆ ಯೋಜನೆಯಲ್ಲಿ ಏನನ್ನು ಯಾವಾಗ ತೆರೆಯುತ್ತೇವೆ ಎಂದು ಬರೆಯುವ ಮುಂಚೆ, ಯಾವ ಗುರುತು ಕಂಡರೆ ಮತ್ತೆ ಮುಚ್ಚುತ್ತೇವೆ ಎಂದು ಬರೆದಿರಬೇಕು. ನಾವು ಇದನ್ನು ಮಾಡದೆ ಒಮ್ಮೆ ಸಂತೆ ಬಿಟ್ಟು ಒದ್ದಾಡಿದ್ದೇವೆ. ಮುಂದೆ ಯಾವ ರೋಗ ಬರುತ್ತದೋ ಗೊತ್ತಿಲ್ಲ, ಆದರೆ ಪಂಚಾಯಿತಿಯಲ್ಲಿ ಕುಳಿತವರಿಗೆ ಈ ಕೆಲಸ ಮತ್ತೆ ಬಂದೇ ಬರಬಹುದು. ಹಾಗಾಗಿ ನಾವು ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ.

1. ನಮ್ಮ ಕೈಯಲ್ಲಿ ಏನಿದೆ ಎಂದು ಮೊದಲು ತಿಳಿಯಿರಿ

2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲೆಯ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು. ಅವರು ಮುಚ್ಚಿದ್ದನ್ನು ಪಂಚಾಯಿತಿ ತೆರೆಯುವ ಹಾಗಿಲ್ಲ. ಇದರಲ್ಲಿ ಚೌಕಾಶಿ ಇಲ್ಲ. ಆದರೆ ಅವರು ತೆರೆಯಲು ಬಿಟ್ಟಿದ್ದನ್ನು ನಮ್ಮೂರಲ್ಲಿ ಹೇಗೆ, ಎಲ್ಲಿ, ಯಾವ ಸಾಲಿನಲ್ಲಿ ತೆರೆಯಬೇಕು ಎನ್ನುವುದರಲ್ಲಿ ನಮಗೆ ಸಾಕಷ್ಟು ಜಾಗ ಇದೆ. ಸಂತೆಯ ಜಾಗ, ನೀರು, ಸ್ವಚ್ಛತೆ, ಮನೆ ಮನೆ ಸಮೀಕ್ಷೆ, ಹೊರಗಿಂದ ಬಂದವರನ್ನು ಕೆಲವು ದಿನ ಶಾಲೆಯಲ್ಲಿ ಬೇರೆ ಇರಿಸುವ (ಕ್ವಾರಂಟೈನ್) ವ್ಯವಸ್ಥೆ, ಮನೆಯಲ್ಲೇ ಉಳಿದವರಿಗೆ ರೇಷನ್ ಮುಟ್ಟಿಸುವುದು, ಇವೆಲ್ಲ ನಮ್ಮವೇ. ಪ್ರತಿಯೊಂದಕ್ಕೂ ಠರಾವು ಬರೆಯಿರಿ. ಬಾಯಿ ಮಾತಲ್ಲಿ ನಡೆದದ್ದು ನಾಳೆ ಜಗಳವಾಗುತ್ತದೆ.

ಒಂದು ಕೆಲಸ ಮಾತ್ರ ಮಾಡಬೇಡಿ. 2020ರ ಏಪ್ರಿಲ್‌ನಲ್ಲಿ ನಮ್ಮ ಸುತ್ತಮುತ್ತ ಎಷ್ಟೋ ಊರುಗಳು ರಸ್ತೆಗೆ ಮುಳ್ಳುಕಂಟಿ ಹಾಕಿ, ಕೆಲವು ಕಡೆ ರಸ್ತೆಯನ್ನೇ ಅಗೆದು ಊರು ಬಂದ್ ಮಾಡಿದವು. ಹೆದರಿಕೆ ನಿಜವಾಗಿತ್ತು, ಅದನ್ನು ಹಗುರ ಮಾಡುವುದಿಲ್ಲ. ಆದರೆ ಆ ಮುಳ್ಳಿನ ಆಚೆ ನಿಂತದ್ದು ಸೋಂಕಲ್ಲ, ಹೆರಿಗೆಗೆ ಹೊರಟ ಹೆಣ್ಣುಮಗಳ ಗಾಡಿ. ಅವತ್ತು ರಾತ್ರಿ ಕಂಟಿ ಎಳೆದು ಬದಿಗೆ ಹಾಕಿದವರಲ್ಲಿ ನಾನೂ ಒಬ್ಬ. ರಸ್ತೆ ಮುಚ್ಚುವ ಅಧಿಕಾರ ಊರಿಗೆ ಇಲ್ಲ, ಇರಲೂಬಾರದು.

2. ಕಾರ್ಯಪಡೆ ಸಣ್ಣದಿರಲಿ, ಸರಿಯಾದವರು ಇರಲಿ

ಸರ್ಕಾರ ಹೇಳಿದ ಗ್ರಾಮ ಪಂಚಾಯಿತಿ ಕಾರ್ಯಪಡೆ ಎಲ್ಲ ಕಡೆ ಕಾಗದದಲ್ಲಿ ಆಯಿತು. ಅಧ್ಯಕ್ಷರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ತಲಾಟಿ (ಗ್ರಾಮ ಲೆಕ್ಕಾಧಿಕಾರಿ), ಆಶಾ, ಅಂಗನವಾಡಿ ಟೀಚರ್, ನರ್ಸ್ ಬಾಯಿ, ಬೀಟ್ ಪೊಲೀಸ್, ಶಾಲೆಯ ಹೆಡ್ ಮಾಸ್ತರು. ಇವರು ಬೇಕೇ ಬೇಕು. ಆದರೆ ಇಷ್ಟೇ ಸಾಲದು. ಊರಿನ ಉಸಿರು ಯಾರ ಹತ್ತಿರ ಹಾದು ಹೋಗುತ್ತದೋ ಅವರನ್ನೂ ಕೂರಿಸಿ: ಹಿಟ್ಟಿನ ಗಿರಣಿಯವರು, ಕಿರಾಣಿ ಅಂಗಡಿಯವರು, ಹಾಲಿನ ಡೈರಿಯವರು, ಟಂಟಂ ಆಟೊ ಓಡಿಸುವವರು, ಕ್ಷೌರ ಮಾಡುವವರು, ಮಹಿಳಾ ಸಂಘದ ಒಬ್ಬರು. ನಿಯಮ ಪಾಲಿಸಬೇಕಾದವರು ಅವರೇ ಅಲ್ವಾ? ಅವರು ಕೂತು ಮಾಡಿದ ನಿಯಮ ನಡೆಯುತ್ತದೆ, ಅವರ ತಲೆ ಮೇಲೆ ಹೇರಿದ ನಿಯಮ ಮೂರು ದಿನಕ್ಕೆ ಮುರಿಯುತ್ತದೆ.

ಹದಿನೈದು ಜನಕ್ಕಿಂತ ಜಾಸ್ತಿ ಬೇಡ. ವಾರಕ್ಕೊಂದು ದಿನ, ಒಂದೇ ಹೊತ್ತು, ಗಿಡದ ಕೆಳಗೆ, ಮುಕ್ಕಾಲು ತಾಸು. ನಮ್ಮದು ಸೋಮವಾರ ಬೆಳಿಗ್ಗೆ 8ಕ್ಕೆ ಇತ್ತು. ಆಶಾ ಅಕ್ಕಾರು ಮೊದಲು ಮಾತಾಡಬೇಕು, ಅಧ್ಯಕ್ಷರು ಕೊನೆಗೆ. ದೊಡ್ಡವರು ಮೊದಲು ಮಾತಾಡಿದರೆ ಉಳಿದವರು "ಹೌದ್ರಿ" ಎಂದು ತಲೆಯಾಡಿಸಿ ಎದ್ದು ಹೋಗುತ್ತಾರೆ.

3. ಊರಿನ ಲೆಕ್ಕ ಊರಲ್ಲೇ ಇಡಿ

ಇದು ಇಡೀ ಕೆಲಸದ ಬುಡ. ಇದಕ್ಕೆ ಸ್ವಲ್ಪ ಸಮಯ ಕೊಡಿ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ ಒಂದು ಅಳತೆ ಕೊಟ್ಟಿತ್ತು: ಎರಡು ವಾರ ಪಾಸಿಟಿವಿಟಿ ಶೇ 5ಕ್ಕಿಂತ ಕಡಿಮೆ ಇದ್ದರೆ ಸಡಿಲ ಮಾಡಬಹುದು ಅಂತ. ಜಿಲ್ಲೆಗೆ, ರಾಜ್ಯಕ್ಕೆ ಅದು ಸರಿ. ಊರಿಗೆ ಹಾಗೇ ಹಚ್ಚಿದರೆ ಮೋಸ ಹೋಗುತ್ತೀರಿ. ಒಂದು ಕ್ಯಾಂಪಿನಲ್ಲಿ 40 ಜನರಿಗೆ ಟೆಸ್ಟ್ ಆಯಿತು, 1 ಪಾಸಿಟಿವ್ ಬಂತು ಅನ್ನಿ, ಅದು ಶೇ 2.5. ಎರಡು ಬಂದರೆ ಶೇ 5. ಒಬ್ಬರ ಮೇಲೆ ಇಡೀ ಊರಿನ ಅಂಗಡಿ ಬಾಗಿಲು ತೆರೆಯುವುದು, ಮುಚ್ಚುವುದು ನಿಂತು ಬಿಡುತ್ತದೆ. ಜೊತೆಗೆ, ಕ್ಯಾಂಪಿಗೆ ಯಾರು ಬರುತ್ತಾರೆ ಅನ್ನುವುದೂ ಮುಖ್ಯ. ಆರಾಮ ಇದ್ದವರೇ ಬಂದು ಸ್ಯಾಂಪಲ್ ಕೊಟ್ಟು, ಜ್ವರ ಬಂದವರು ತೋಟದಲ್ಲಿ ಮಲಗಿದ್ದರೆ ದರ ಚೆನ್ನಾಗಿ ಕಾಣುತ್ತದೆ, ರೋಗ ಹಾಗೇ ಇರುತ್ತದೆ.

ಅದಕ್ಕೆ ನಾವು ಮೂರು ಅಂಕಿ ಹಿಡಿದೆವು. ಒಂದು, ಈ ವಾರ ಹೊಸದಾಗಿ ಜ್ವರ ಅಥವಾ ಕೆಮ್ಮು ಬಂದ ಮನೆಗಳು ಎಷ್ಟು, ಯಾವ ವಾರ್ಡಿನಲ್ಲಿ. ಎರಡು, ಕಳೆದ 14 ದಿನಗಳಲ್ಲಿ ಪಾಸಿಟಿವ್ ಆದವರಲ್ಲಿ ಎಷ್ಟು ಜನರಿಗೆ ಸೋಂಕು ಎಲ್ಲಿಂದ ಬಂತೆಂದು ಗೊತ್ತಿದೆ, ಎಷ್ಟು ಜನರಿಗೆ ಗೊತ್ತಿಲ್ಲ. ಮೂರು, ಇವತ್ತು ಒಬ್ಬರಿಗೆ ಉಸಿರಾಟದ ತೊಂದರೆ ಆದರೆ 108 ಬರಲು ಎಷ್ಟು ಹೊತ್ತು ಹಿಡಿಯುತ್ತದೆ, ತಾಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಸಿಗೆ ಇದೆಯೋ ಇಲ್ಲವೋ. ಮೂರನೆಯದನ್ನು ಪ್ರತಿ ಸೋಮವಾರ ಫೋನ್ ಹಚ್ಚಿ ಕೇಳಿ ಬರೆಯುವುದು ಪಿಡಿಒ ಕೆಲಸ. ಈ ಮೂರರಲ್ಲಿ ಎರಡನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಐದು ಜನ ಒಂದೇ ಮನೆಯವರು, ಪುಣೆಯಿಂದ ಬಂದ ಮಗನಿಂದ ಹತ್ತಿದ್ದು ಎಂದರೆ ಅದು ಹಿಡಿತದಲ್ಲಿದೆ. ಇಬ್ಬರೇ ಇದ್ದರೂ ಇಬ್ಬರಿಗೂ ಎಲ್ಲಿಂದ ಬಂತೆಂದು ಗೊತ್ತಿಲ್ಲ ಅಂದರೆ, ಊರೊಳಗೆ ನಮಗೆ ಕಾಣದೆ ಹರಡುತ್ತಿದೆ.

ನಮ್ಮ ಕಡೆ ಇನ್ನೊಂದು ತೊಡಕು, ವಸತಿಗಳು. ಅರ್ಧ ಊರು ಹೊಲದಲ್ಲೇ ಮನೆ ಮಾಡಿಕೊಂಡಿರುತ್ತದೆ. ಒಬ್ಬ ಆಶಾ ಅಕ್ಕಾರಿಗೆ ಸುಮಾರು 1,000 ಜನರ ಹೊಣೆ, ಅವರು ಬಿಸಿಲಲ್ಲಿ ಎರಡೆರಡು ಕಿಲೋಮೀಟರ್ ನಡೆದು ಒಂದು ಮನೆ ಮುಟ್ಟಬೇಕು. ಇದನ್ನು ಅವರೊಬ್ಬರ ತಲೆಗೆ ಕಟ್ಟಬೇಡಿ. ವಸತಿಯ ಸುದ್ದಿ ದಿನಾ ಬೆಳಿಗ್ಗೆ ಡೈರಿಗೆ ತಾನಾಗಿ ಬರುತ್ತದೆ, ಹಾಲಿನ ಕ್ಯಾನಿನ ಜೊತೆ. ಎರಡು ದಿನ ಹಾಲು ತರಲು ಯಾರೂ ಬರದ ಮನೆಯ ಹೆಸರನ್ನು ಡೈರಿಯವರು ಆಶಾ ಅಕ್ಕಾರಿಗೆ ಹೇಳಿದರೆ ಸಾಕು. ನಮಗೆ ಮೂರು ಮನೆ ಹೀಗೇ ಗೊತ್ತಾದವು.

ಜನ ಜ್ವರ ಮುಚ್ಚಿಡುತ್ತಾರೆ ಎಂದು ಬೈಯುವ ಮೊದಲು ಯಾಕೆ ಮುಚ್ಚಿಡುತ್ತಾರೆ ನೋಡಿ. 2020ರಲ್ಲಿ ಸೋಂಕು ಬಂದವರ ಮನೆ ಬಾಗಿಲಿಗೆ ಕಾಗದ ಅಂಟಿಸಿದರು. ಆ ಮನೆಯ ಹೆಂಗಸರಿಗೆ ನಳದ ಹತ್ತಿರ ಕೊಡ ಇಡಲು ಬಿಡಲಿಲ್ಲ. ಅದನ್ನು ಕಂಡವರು ಮುಂದಿನ ವರ್ಷ ಪ್ಯಾರಾಸಿಟಮಾಲ್ ನುಂಗಿ ಸುಮ್ನೆ ಮಲಗಿದರು. ನಾವು ಕಾಗದ ಅಂಟಿಸುವುದನ್ನು ಬಿಟ್ಟೆವು. ಬದಲಿಗೆ ಜ್ವರ ಹೇಳಿದ ಮನೆಗೆ ಅದೇ ದಿನ ರೇಷನ್, ತರಕಾರಿ, ಎರಡು ಕೊಡ ನೀರು ಮುಟ್ಟಿಸಿದೆವು, ಅವರ ದನಕ್ಕೆ ಮೇವು ಹಾಕಲು ಒಬ್ಬರನ್ನು ಗೊತ್ತು ಮಾಡಿದೆವು. ದನದ ಮೇವಿನ ಮಾತು ಸಣ್ಣದಲ್ಲ. "ನಾ ಒಳಗ ಕುಂತ್ರ ಎಮ್ಮಿ ಯಾರ್ ನೋಡ್ತಾರ?" ಎಂದು ಒಬ್ಬ ಕಾಕಾ ಕೇಳಿದಾಗಲೇ ನಮಗೆ ಇದು ಹೊಳೆದದ್ದು. ಆಮೇಲೆ ಜನ ತಾವಾಗಿ ಹೇಳತೊಡಗಿದರು.

4. ತೆರೆಯುವ ಸಾಲು ಹಚ್ಚಿ

ಊರಲ್ಲಿ ನಡೆಯುವ ಪ್ರತಿ ಕೆಲಸಕ್ಕೂ ಎರಡು ಪ್ರಶ್ನೆ ಕೇಳಿ. ಇದು ಮುಚ್ಚಿದರೆ ಎಷ್ಟು ಮನೆಯ ಒಲೆ ಆರುತ್ತದೆ? ಇದು ತೆರೆದರೆ ಎಷ್ಟು ಜನ, ಎಂಥ ಜಾಗದಲ್ಲಿ, ಎಷ್ಟು ಹೊತ್ತು ಒಬ್ಬರ ಉಸಿರು ಒಬ್ಬರು ಕುಡಿಯುತ್ತಾರೆ? ಮೊದಲನೆಯದು ದೊಡ್ಡದು, ಎರಡನೆಯದು ಸಣ್ಣದು ಎಂದಾದರೆ ಅದು ಸಾಲಿನಲ್ಲಿ ಮುಂದೆ.

ಹೀಗೆ ನೋಡಿದರೆ ಹೊಲದ ಕೆಲಸ, ನರೇಗಾ ಬದುವಿನ ಕೆಲಸ, ನಿಂಬೆಹಣ್ಣು ಕೀಳುವುದು ಮತ್ತು ಚೀಲ ತುಂಬುವುದು, ಬೀಜ-ಗೊಬ್ಬರದ ಅಂಗಡಿ, ಗಿರಣಿ, ಕಿರಾಣಿ ಎಲ್ಲ ಮೊದಲ ಹಂತ. ಜೂನ್‌ನಲ್ಲಿ ತೊಗರಿ ಬಿತ್ತುವ ಹೊತ್ತಿಗೆ ಬೀಜದ ಅಂಗಡಿ ಮುಚ್ಚಿದರೆ ಆ ನಷ್ಟ ಇಡೀ ವರ್ಷದ್ದು. ನರೇಗಾ ಕೂಲಿ ನಮ್ಮ ರಾಜ್ಯದಲ್ಲಿ 2020-21ರಲ್ಲಿ 275 ರೂಪಾಯಿ, ಮರು ವರ್ಷ 289 ರೂಪಾಯಿ ಇತ್ತು. ಗುಳೆ ಹೋಗಿ ಬರಿಗೈಯಲ್ಲಿ ಬಂದವರಿಗೆ ಅದೇ ಆಸರೆ. ಬಯಲಲ್ಲಿ ಕೆಲಸ, ಗುಂಪು ಸಣ್ಣದು ಮಾಡಿ ದೂರ ದೂರ ಹಚ್ಚಿದರೆ ಅಪಾಯ ಕಡಿಮೆ.

ಎರಡನೇ ಹಂತಕ್ಕೆ ಟೇಲರ್, ರಿಪೇರಿ ಅಂಗಡಿ, ಕ್ಷೌರದ ಅಂಗಡಿ, ಪಾರ್ಸೆಲ್ ಕೊಡುವ ಚಹಾ ಅಂಗಡಿ, ಅರ್ಧ ಸೀಟಿನ ಟಂಟಂ. ಕ್ಷೌರದವರು ಕುರ್ಚಿಯನ್ನು ಅಂಗಡಿ ಮುಂದಿನ ಬೇವಿನ ಗಿಡದ ಕೆಳಗೆ ತಂದು ಹಾಕಿಕೊಂಡರು, ಟವೆಲ್ ಗಿರಾಕಿಯೇ ಮನೆಯಿಂದ ತರಬೇಕು ಎಂದರು. ಇದು ಅವರೇ ಹೇಳಿದ ಉಪಾಯ, ನಮಗೆ ತೋಚಿರಲಿಲ್ಲ.

ನೇಕಾರರ ಊರಾದರೆ ಲೆಕ್ಕ ಬೇರೆ. ಇಳಕಲ್ಲಿನಲ್ಲಿ ಮನೆಯೊಳಗಿನ ಕುಣಿ ಮಗ್ಗದಲ್ಲಿ ಮನೆಯವರೇ ಕೂತು ನೇಯುತ್ತಾರೆ. ಅದನ್ನು ಮುಚ್ಚಿಸಿ ಏನೂ ಸಿಗುವುದಿಲ್ಲ, ನೂಲು ಬರುವ ಮತ್ತು ಸೀರೆ ಹೋಗುವ ದಾರಿ ಮಾತ್ರ ನೋಡಿಕೊಂಡರೆ ಸಾಕು. ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ ಹಾಗಲ್ಲ. ಮುಚ್ಚಿದ ಶೆಡ್, ಹತ್ತಾರು ಜನ, ಮಗ್ಗದ ಸದ್ದಿಗೆ ಕಿವಿ ಹತ್ತಿರ ಬಂದು ಕೂಗಿ ಮಾತಾಡಬೇಕು. ಅಲ್ಲಿ ಪಾಳಿ ಒಡೆಯಬೇಕು, ಕಿಟಕಿ ತೆರೆಯಬೇಕು, ಮಗ್ಗ ಬಿಟ್ಟು ಮಗ್ಗ ಓಡಿಸಬೇಕು.

ಮೂರನೇ ಹಂತಕ್ಕೆ ಸಂತೆ, ಖಾನಾವಳಿ. ಶಾಲೆಯೂ ಇದೇ ಹಂತಕ್ಕೆ. ಶಾಲೆಯ ವಿಷಯದಲ್ಲಿ ನನ್ನ ಮಾತು ಖಡಾಖಡಿ ಇದೆ. 2021ರ ಎರಡನೇ ಅಲೆ ಇಳಿದ ಮೇಲೆ ರಾಜ್ಯದಲ್ಲಿ ಜುಲೈಗೇ 100 ಜನರ ಮದುವೆಗೆ ಅನುಮತಿ ಸಿಕ್ಕಿತ್ತು, 9ರಿಂದ 12ನೇ ತರಗತಿ ತೆರೆದದ್ದು ಆಗಸ್ಟ್ 23ಕ್ಕೆ, 6ರಿಂದ 8 ಸೆಪ್ಟೆಂಬರ್ 6ಕ್ಕೆ, ಒಂದರಿಂದ ಐದನೇ ತರಗತಿಯ ಚಿಕ್ಕ ಮಕ್ಕಳು ಶಾಲೆ ಕಂಡದ್ದು ಅಕ್ಟೋಬರ್ 25ಕ್ಕೆ. ಅಂದರೆ ಒಂದೂವರೆ ವರ್ಷದ ಮೇಲೆ. ಮನೆಯಲ್ಲಿ ಒಂದು ಫೋನ್, ಅದು ಅಪ್ಪನ ಜೇಬಿನಲ್ಲಿ. ಮೂರನೆಯ ತರಗತಿಯ ಮಗು ಕಾಗುಣಿತ ಮರೆತಿತ್ತು. ಸರ್ಕಾರದ ಆದೇಶ ಬರುವವರೆಗೆ ಶಾಲೆಯ ಬಾಗಿಲು ತೆರೆಯುವುದು ನಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಆದರೆ ಅದು ಬರುವ ಹೊತ್ತಿಗೆ ಕಟ್ಟಡ ತಯಾರಿರಬೇಕು: ಶೌಚಾಲಯಕ್ಕೆ ನೀರು, ಜಾಮ್ ಆದ ಕಿಟಕಿಗಳ ರಿಪೇರಿ, ಹೊರಗೆ ಕೂರಲು ನೆರಳು. ಮಾಸ್ತರರ ಲಸಿಕೆ ಎಲ್ಲರಿಗಿಂತ ಮೊದಲು ಆಗಿರಬೇಕು. ಮದುವೆ, ಜಾತ್ರೆ ಶಾಲೆಯ ನಂತರ ಬರಲಿ.

ಹಂತದಿಂದ ಹಂತಕ್ಕೆ 14 ದಿನ ಬಿಡಿ. ಇವತ್ತು ಸೋಂಕು ಹತ್ತಿದವರಿಗೆ ಲಕ್ಷಣ ಕಾಣಲು ಸುಮಾರು ಐದಾರು ದಿನ, ಕೆಲವರಿಗೆ 14 ದಿನದವರೆಗೂ ಹೋಗಬಹುದು. ಅದರ ಮೇಲೆ ಟೆಸ್ಟ್, ವರದಿ. ಒಂದೇ ವಾರದಲ್ಲಿ "ಏನೂ ಆಗಲಿಲ್ಲ" ಎಂದು ಮುಂದಿನದನ್ನು ತೆರೆದರೆ ನೀವು ನೋಡುತ್ತಿರುವುದು ಹಳೆಯ ವಾರದ ಚಿತ್ರ. ಒಂದೇ ಹಂತದಲ್ಲಿದ್ದರೂ ಎರಡು ದೊಡ್ಡ ಜಾಗಗಳನ್ನು ಒಟ್ಟಿಗೆ ತೆರೆಯಬೇಡಿ. ಜ್ವರ ಏರಿದರೆ ಯಾವುದರಿಂದ ಏರಿತು ಎಂದು ಕಂಡುಹಿಡಿಯಲು ಆಗುವುದಿಲ್ಲ.

5. ಸಂತೆ: ಇಲ್ಲೇ ಎಡವುತ್ತೇವೆ

ನಾವು ಎಡವಿದ್ದೂ ಇಲ್ಲೇ. ವಾರದ ಸಂತೆಯನ್ನು ಹಳೆಯ ಜಾಗದಲ್ಲೇ, ಅಗಸಿ ಬಾಗಿಲಿನ ಇಕ್ಕಟ್ಟಿನ ರಸ್ತೆಯಲ್ಲೇ, "ಎರಡೇ ತಾಸು" ಎಂದು ಡಂಗುರ ಸಾರಿಸಿ ಬಿಟ್ಟೆವು. ಎರಡೇ ತಾಸು ಎಂದದ್ದೇ ತಪ್ಪಾಯಿತು. ಎಲ್ಲರೂ ಒಂದೇ ಸಲ ಬಂದರು. ಬೇರೆ ಊರಿನವರೂ ಬಂದರು, ಯಾಕಂದರೆ ಅವರ ಸಂತೆ ಬಂದ್ ಇತ್ತು.

ಲೆಕ್ಕ ಹಾಕಿ ನೋಡಿ. 600 ಜನ ಬರುತ್ತಾರೆ, ಒಬ್ಬೊಬ್ಬರು 40 ನಿಮಿಷ ಇರುತ್ತಾರೆ ಅನ್ನಿ. ನಾಲ್ಕು ತಾಸಿನ ಸಂತೆಯಲ್ಲಿ ಯಾವ ಹೊತ್ತಿಗೆ ನೋಡಿದರೂ ಸುಮಾರು 100 ಜನ ಇರುತ್ತಾರೆ. ಎಂಟು ತಾಸು ಮಾಡಿದರೆ 50. ಎರಡು ತಾಸು ಮಾಡಿದರೆ 200. ಹೊತ್ತು ಕಡಿಮೆ ಮಾಡಿದಷ್ಟು ಗದ್ದಲ ಜಾಸ್ತಿ. ಮೇಲಿನ ಆದೇಶ ಬೆಳಿಗ್ಗೆ 6ರಿಂದ 10 ಅಂತಲೇ ಇದ್ದರೆ, 2021ರ ಮೇ ತಿಂಗಳಲ್ಲಿ ಹಾಗೇ ಇತ್ತು, ಆಗ ಹೊತ್ತನ್ನು ಹಿಗ್ಗಿಸಲು ಆಗುವುದಿಲ್ಲ, ಜಾಗವನ್ನು ಹಿಗ್ಗಿಸಿ. ವಾರ್ಡಿಗೊಂದು ಕಡೆ ನಾಲ್ಕಾರು ತರಕಾರಿ ಗಾಡಿ ನಿಲ್ಲಿಸಿ. ದಿನ ಒಡೆಯಿರಿ.

ಎರಡನೇ ಸಲ ನಾವು ಮಾಡಿದ್ದು ಹೀಗೆ. ಸಂತೆಯನ್ನು ಹೈಸ್ಕೂಲ್ ಮೈದಾನಕ್ಕೆ ಒಯ್ದೆವು. ಸುಣ್ಣದ ಪುಡಿಯಿಂದ ಗೆರೆ ಹಾಕಿ ಪ್ರತಿ ಅಂಗಡಿಗೂ ಜಾಗ ಗುರುತಿಸಿದೆವು, ನಡುವೆ ಆರಾರು ಅಡಿ. ಎದುರು ಬದುರು ಅಂಗಡಿ ಇಲ್ಲ, ಬೆನ್ನಿಗೆ ಬೆನ್ನು, ಅಂದರೆ ಗಿರಾಕಿಗಳು ಎರಡು ಕಡೆಯಿಂದ ನುಗ್ಗುವ ಓಣಿ ಆಗುವುದಿಲ್ಲ. ಒಳಗೆ ಬರುವ ದಾರಿ ಒಂದು, ಹೋಗುವ ದಾರಿ ಇನ್ನೊಂದು. ಮೊದಲ ಎರಡು ವಾರ ಕಾಯಿಪಲ್ಯೆ, ಕಾಳುಕಡಿ ಮಾತ್ರ, ಅದೂ ನಮ್ಮ ಪಂಚಾಯಿತಿ ಊರುಗಳ ವ್ಯಾಪಾರಿಗಳೇ. ಮೂರನೇ ವಾರದಿಂದ ಬಟ್ಟೆ, ಪಾತ್ರೆ, ಬಳೆ. ಬಳೆ ಇಡಿಸಿಕೊಳ್ಳುವಾಗ ಮುಖಕ್ಕೆ ಮುಖ ಕೊಟ್ಟು ಕೂರಬೇಕಾಗುತ್ತದೆ, ಹಾಗಾಗಿ ಅದು ಕೊನೆಗೆ. ಬಳೆಗಾರ ಅಕ್ಕಂದಿರಿಗೆ ಇದನ್ನು ಕಾರಣ ಕೊಟ್ಟು ಹೇಳಿದರೆ ಒಪ್ಪುತ್ತಾರೆ. ನೀರು, ಸೋಪು ಬಾಗಿಲಲ್ಲೇ ಇರಲಿ.

ದನದ ಸಂತೆ, ಕುರಿ ಸಂತೆ ಇರುವ ಊರಿನವರಿಗೆ ಒಂದು ಮಾತು. ಅಮೀನಗಡದಂಥ ಕುರಿ ಸಂತೆಗೆ ದೂರದೂರದಿಂದ ವ್ಯಾಪಾರಿಗಳು ಬರುತ್ತಾರೆ. ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲಿ ದರ ಹೇಳುವುದು ತಲೆತಲಾಂತರದ ಪದ್ಧತಿ. ಒಬ್ಬ ದಲ್ಲಾಳಿ ಒಂದು ಬೆಳಿಗ್ಗೆ ಎಷ್ಟು ಕೈ ಹಿಡಿಯುತ್ತಾರೆ ಎಣಿಸಿ ನೋಡಿ. ಸೋಂಕಿನ ಕಾಲದಲ್ಲಿ ಫೋನಿನ ಕ್ಯಾಲ್ಕುಲೇಟರಿನಲ್ಲಿ ದರ ಒತ್ತಿ ತೋರಿಸಲಿ. ಗುಟ್ಟು ಗುಟ್ಟಾಗೇ ಉಳಿಯುತ್ತದೆ, ಕೈ ಮುಟ್ಟುವುದಿಲ್ಲ.

ಇನ್ನು ಸಂತೆ ಕರದ ಲಿಲಾವು (ಹರಾಜು). ವರ್ಷಕ್ಕೆಂದು ದುಡ್ಡು ಕಟ್ಟಿ ಹಿಡಿದವರಿಗೆ ಸಂತೆ ಬಂದ್ ಆದ ವಾರಗಳೆಲ್ಲ ನಷ್ಟ. ಅವರು "ಬೇಗ ತೆಗೀರಿ" ಎಂದು ಒತ್ತಡ ಹಾಕುವುದು ಸಹಜ, ಅವರ ತಪ್ಪಲ್ಲ. ಬಂದ್ ಆದ ವಾರಗಳ ಲೆಕ್ಕವನ್ನು ಹೇಗೆ ಹೊಂದಿಸುತ್ತೇವೆ ಎಂದು ಮೊದಲೇ ಠರಾವು ಮಾಡಿ, ತಾಲೂಕು ಪಂಚಾಯಿತಿಗೆ ಬರೆಯಿರಿ. ಆ ಒತ್ತಡ ಅಲ್ಲಿಗೇ ಕಡಿಮೆಯಾಗುತ್ತದೆ.

6. ಗುಳೆಯಿಂದ ಬರುವವರು

ನಮ್ಮದು ಮಹಾರಾಷ್ಟ್ರದ ಗಡಿ ಸೀಮೆ. ಧೂಳಖೇಡ, ಕಾಗವಾಡ, ನಿಪ್ಪಾಣಿ ಹತ್ತಿರದ ಕೊಗನೊಳ್ಳಿ, ಎಲ್ಲ ಕಡೆ ಚೆಕ್‌ಪೋಸ್ಟ್ ಇತ್ತು. ಆದರೆ ಬೇಸಿಗೆಯಲ್ಲಿ ಭೀಮೆ ಬತ್ತಿದಾಗ ನದಿ ದಾಟಲು ಯಾವ ಚೆಕ್‌ಪೋಸ್ಟೂ ಬೇಕಿಲ್ಲ. ತಡೆಯುತ್ತೇವೆ ಎಂದು ಹೊರಟರೆ ಜನ ರಾತ್ರಿ ಬರುತ್ತಾರೆ, ಹೇಳದೆ ಬರುತ್ತಾರೆ. ಹೊರಡುವ ಮುಂಚೆಯೇ ಫೋನ್ ಮಾಡಿ ಹೇಳುವಂತೆ ಮಾಡಿ. ಮುಂಬೈ, ಪುಣೆ, ಸೊಲ್ಲಾಪುರ, ಗೋವಾದಲ್ಲಿ ಇರುವ ನಮ್ಮೂರವರ ಪಟ್ಟಿ ಮನೆ ಮನೆಯಿಂದ ಮೊದಲೇ ಬರೆದಿಟ್ಟುಕೊಳ್ಳಿ. ಯಾವ ಊರಲ್ಲಿ ಎಷ್ಟು ಜನ, ಮಕ್ಕಳೆಷ್ಟು, ಬಸುರಿ ಹೆಣ್ಣುಮಕ್ಕಳಿದ್ದಾರಾ.

ಬಂದವರನ್ನು ಕ್ವಾರಂಟೈನ್‌ಗೆ ಶಾಲೆಯಲ್ಲಿ ಇರಿಸುವುದಾದರೆ ಮನುಷ್ಯರು ಇರುವ ಹಾಗೆ ಇರಿಸಿ. ಲೈಟು, ಫ್ಯಾನು, ಚಿಲಕ ಇರುವ ಶೌಚಾಲಯ, ಹೆಂಗಸರಿಗೆ ಬೇರೆ ಕೋಣೆ, ಬಿಸಿ ಬಿಸಿ ರೊಟ್ಟಿ-ಪಲ್ಯ. ಅಡುಗೆಯನ್ನು ಮಹಿಳಾ ಸಂಘಕ್ಕೆ ಕೊಟ್ಟರೆ ಅವರಿಗೂ ನಾಲ್ಕು ಕಾಸು. ಅವರು ನಮ್ಮ ಮಕ್ಕಳು, ಹೊಟ್ಟೆಪಾಡಿಗೆ ಹೋದವರು. ಬಂದ ದಿನವೇ ನರೇಗಾ ಜಾಬ್ ಕಾರ್ಡ್ ಇದೆಯಾ ಕೇಳಿ, ಇಲ್ಲದಿದ್ದರೆ ಅರ್ಜಿ ಬರೆಸಿ. ಕ್ವಾರಂಟೈನ್ ದಿನ ಮುಗಿಸಿ ಹೊರಗೆ ಬರುವ ಹೊತ್ತಿಗೆ ಕೆಲಸ ಕೈಯಲ್ಲಿರಬೇಕು.

7. ಔಷಧಿ ಹೊಡೆಯಲು ದುಡ್ಡು ಸುರಿಯಬೇಡಿ

ದ್ರಾಕ್ಷಿ ತೋಟಕ್ಕೆ ಹೊಡೆಯುವ ಟ್ರ್ಯಾಕ್ಟರ್ ಬ್ಲೋವರ್ ತಂದು ಊರೆಲ್ಲ ಔಷಧಿ ಹೊಡೆದೆವು. ನೋಡಲು ದೊಡ್ಡ ಕೆಲಸ ಮಾಡಿದಂತೆ ಕಾಣುತ್ತದೆ. ಪ್ರಯೋಜನ ಇಲ್ಲ. ಈ ರೋಗ ಹೆಚ್ಚಾಗಿ ಉಸಿರಿನಿಂದ, ಗಾಳಿಯಾಡದ ಜಾಗದಲ್ಲಿ ಹರಡುವಂಥದ್ದು, ರಸ್ತೆಯ ಮಣ್ಣಿನಿಂದಲ್ಲ. ಜನರ ಮೈಮೇಲೆ ಹೊಡೆಯಲೇಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ಪಂಚಾಯಿತಿ ಬಾಗಿಲು, ನಳ, ಶೌಚಾಲಯದ ಚಿಲಕ ಒರೆಸಲು ಶೇ 1ರ ದ್ರಾವಣ ಸಾಕು: ಶೇ 30ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ ಸುಮಾರು 33 ಗ್ರಾಂ. ಒಡೆದು ತಿಂಗಳಾದ ಚೀಲದಲ್ಲಿ ಶಕ್ತಿ ಕುಂದಿರುತ್ತದೆ, ಹೊಸದು ತನ್ನಿ.

ಉಳಿದ ದುಡ್ಡಲ್ಲಿ ಪ್ರತಿ ಆಶಾ ಅಕ್ಕಾರಿಗೆ ಎರಡು ಪಲ್ಸ್ ಆಕ್ಸಿಮೀಟರ್, ಥರ್ಮಾಮೀಟರ್, ಒಳ್ಳೆಯ ಮಾಸ್ಕ್ ಕೊಡಿ. ಮಾತಾಡುತ್ತ ಓಡಾಡುತ್ತ ಇದ್ದವರಲ್ಲೂ ಆಕ್ಸಿಜನ್ ಇಳಿದಿರುತ್ತಿತ್ತು, ಇದೇ ಈ ರೋಗದ ಮೋಸ. 94ಕ್ಕಿಂತ ಕೆಳಗೆ ಬಂದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಹಚ್ಚಬೇಕು. ಬೆರಳಿನ ಉಗುರಿಗೆ ಬಣ್ಣ ಇದ್ದರೆ ಅಳತೆ ತಪ್ಪುತ್ತದೆ, ಒರೆಸಿ ಹಾಕಿ.

ಖರ್ಚಿನ ಬಗ್ಗೆ: 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ 2025-26ರವರೆಗೆ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಸಂತೆಯ ನೀರು, ಕೈ ತೊಳೆಯುವ ಕಟ್ಟೆ, ಶಾಲೆಯ ಶೌಚಾಲಯ ಅದರಲ್ಲಿ ಬರುತ್ತದೆ. ಬೇರೆ ಖರ್ಚಿಗೆ ಉಳಿದ ಶೇ 40ರ ಪಾಲಿನಿಂದ ಅಥವಾ ಸ್ವಂತ ತೆರಿಗೆಯಿಂದ ಮಾಡಿ. ಬಿಲ್ಲು ಇಡಿ.

8. ಮುಚ್ಚುವ ಗುರುತು

ಇದನ್ನು ಕೊನೆಯಲ್ಲಿ ಹೇಳುತ್ತಿದ್ದೇನೆ, ಆದರೆ ಮೊದಲ ಅಂಗಡಿ ತೆರೆಯುವ ಮುಂಚೆಯೇ ಇದು ಬರೆದಿರಬೇಕು. ನಾವು ಬರೆದುಕೊಂಡ ಗುರುತುಗಳು ಇವು. ಒಂದು ವಾರ್ಡಿನಲ್ಲಿ ಒಂದೇ ವಾರ ಸಂಬಂಧವಿಲ್ಲದ ಮೂರು ಮನೆಗೆ ಜ್ವರ ಬಂದರೆ ಮುಂದಿನ ಹಂತ ತಡೆ, ಎಲ್ಲರಿಗೂ ಟೆಸ್ಟ್. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಪಾಸಿಟಿವ್ ಮೂರು ದಾಟಿದರೆ ಒಂದು ಹಂತ ಹಿಂದಕ್ಕೆ, ಆ ವಾರ್ಡಿಗೆ ಮಾತ್ರ. ತಾಲೂಕಿನಲ್ಲಿ ಆಕ್ಸಿಜನ್ ಹಾಸಿಗೆ ಇಲ್ಲ ಎಂದಾದರೆ ನಮ್ಮೂರಲ್ಲಿ ಒಂದೂ ಕೇಸ್ ಇಲ್ಲದಿದ್ದರೂ ಸಂತೆ ಬಂದ್. ಇವು ನಮ್ಮ ಊರಿನ ಗಾತ್ರಕ್ಕೆ ನಾವು ಹಾಕಿಕೊಂಡ ಅಂಕಿಗಳು. ನಿಮ್ಮ ಊರು ದೊಡ್ಡದಾದರೆ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರ ಜೊತೆ ಕೂತು ಬದಲಿಸಿಕೊಳ್ಳಿ.

ಮುಖ್ಯವಾದದ್ದು, ಈ ಗುರುತುಗಳು ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಪಂಚಾಯಿತಿ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ಗುಡಿಯ ಮೈಕಿನಲ್ಲೂ ಮಸೀದಿಯ ಮೈಕಿನಲ್ಲೂ ಅದೇ ಮಾತು ಹೇಳಿಸಿ, ಒಂದಕ್ಷರ ಬದಲಾಗದಂತೆ. ಗೊತ್ತಿದ್ದರೆ ಮುಚ್ಚುವ ದಿನ ಯಾರ ಮೇಲೂ ಸಿಟ್ಟು ಬರುವುದಿಲ್ಲ, ಗುರುತು ದಾಟಿತು, ಅಷ್ಟೇ. ನಮ್ಮಲ್ಲಿ ಎರಡನೇ ಸಲ ಸಂತೆ ಒಂದು ವಾರ ತಡೆದಾಗ ಒಬ್ಬರೂ ಚಾವಡಿ ಮುಂದೆ ಬಂದು ಕೂಗಲಿಲ್ಲ. "ಗ್ವಾಡಿ ಮ್ಯಾಲ ಬರ್ದದಲ್ಲರಿ" ಎಂದು ಜನರೇ ಒಬ್ಬರಿಗೊಬ್ಬರು ಹೇಳಿಕೊಂಡರು.

ಮತ್ತೆ, ನಿಯಮ ಸದಸ್ಯರ ಮನೆಯಿಂದ ಶುರುವಾಗಲಿ. ನಮ್ಮ ಸದಸ್ಯರೊಬ್ಬರ ಮನೆಯ ಮದುವೆ ಇತ್ತು. ಅವರು ಪಟ್ಟಿಯನ್ನು ಅರ್ಧ ಮಾಡಿ, ಅಂಗಳದಲ್ಲೇ ಅಕ್ಷತೆ ಮುಗಿಸಿದರು. ಆಮೇಲೆ ಉಳಿದ ಮದುವೆ ಮನೆಗಳಿಗೆ ಹೋಗಿ ಹೇಳಲು ನಮಗೆ ಬಾಯಿ ಬಂತು.

9. ಗುಡಿ ಮತ್ತು ಜಾತ್ರೆ ಬೇರೆ ಬೇರೆ

ಸವದತ್ತಿ ಯಲ್ಲಮ್ಮನ ಗುಡಿ ತಿಂಗಳುಗಟ್ಟಲೆ ಮುಚ್ಚಿತ್ತು. ಹರಕೆ ಹೊತ್ತ ಜನ ಎಷ್ಟು ನೊಂದರು ನಮಗೆ ಗೊತ್ತು. ಗುಡಿಯ ಬಾಗಿಲು ತೆರೆಯುವುದು ಒಂದು, ಜಾತ್ರೆ ಸೇರುವುದು ಇನ್ನೊಂದು, ಇವೆರಡನ್ನು ಬಿಡಿಸಿ ನೋಡಿ. ಮೊದಲು ದರ್ಶನ ಮಾತ್ರ, ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುವ ಹಾಗೆ. ಆಮೇಲೆ ಕಾಯಿ, ಕರ್ಪೂರ. ದಾಸೋಹಕ್ಕೆ ಪಂಕ್ತಿ ಬೇಡ, ಪೊಟ್ಟಣ ಕಟ್ಟಿ ಕೊಡಬಹುದು. ಪಲ್ಲಕ್ಕಿ ಊರವರಷ್ಟೇ ಹೊರಲಿ. ಅಂಗಡಿ ಸಾಲು, ನಾಟಕ, ಕುಸ್ತಿ ಎಲ್ಲಕ್ಕಿಂತ ಕೊನೆಗೆ. ಬಾದಾಮಿ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ಹೊಟ್ಟೆಪಾಡು ಆ ಒಂದು ತಿಂಗಳ ಮೇಲೇ ನಿಂತಿದೆ, ಅವರ ನೋವು ಸಣ್ಣದಲ್ಲ. ಹಾಗಾಗಿ ಯಾವ ಜಾತ್ರೆ ಆಗುವುದಿಲ್ಲ ಎಂದು ಎರಡು ತಿಂಗಳ ಮೊದಲೇ ಹೇಳಿಬಿಡಿ. ಥಿಯೇಟರ್ ಹಾಕಲು ಸಾಲ ಮಾಡಿದ ಮೇಲೆ ಬೇಡ ಎನ್ನಬೇಡಿ.

10. ಲಸಿಕೆ ಮತ್ತು ದಾಖಲೆ

ಕೋವಿಶೀಲ್ಡ್‌ನ ಎರಡು ಡೋಸ್ ನಡುವಿನ ಅಂತರ 2021ರ ಮೇ ತಿಂಗಳಲ್ಲಿ 12ರಿಂದ 16 ವಾರ ಆಯಿತು. ಅಷ್ಟು ದಿನ ಯಾರಿಗೆ ನೆನಪಿರುತ್ತದೆ? ಮೊದಲ ಡೋಸ್ ದಿನವೇ ಎರಡನೆಯ ದಿನಾಂಕವನ್ನು ವಹಿಯಲ್ಲಿ ಬರೆಯಿರಿ. ಲಸಿಕೆ ಕ್ಯಾಂಪನ್ನು ಕೂಲಿಯವರು ಹೊಲಕ್ಕೆ ಹೋದ ಮೇಲೆ 11ಕ್ಕೆ ಇಟ್ಟರೆ ಖಾಲಿ ಕುರ್ಚಿ ನೋಡುತ್ತೀರಿ. ಬೆಳಿಗ್ಗೆ 7ಕ್ಕೆ ಅಥವಾ ಸಂಜೆ, ವಸತಿಗಳ ನಡುವಿನ ಒಂದು ತೋಟದಲ್ಲಿ ಇಡಲು ಪಿಎಚ್‌ಸಿಯವರನ್ನು ಕೇಳಿ. ಲಸಿಕೆ ನಂತರ ಒಂದು ದಿನ ಮೈ ಬಿಸಿಯಾಗಬಹುದು, ಕೂಲಿ ತಪ್ಪಬಹುದು ಎಂದು ಮೊದಲೇ ನೇರವಾಗಿ ಹೇಳಿ. ಮುಚ್ಚಿಟ್ಟು ಹಾಕಿಸಿದರೆ ಎರಡನೇ ಡೋಸಿಗೆ ಯಾರೂ ಬರುವುದಿಲ್ಲ.

ಕೊನೆಗೆ ಆ ವಹಿ. ಸೋಮವಾರದ ಅಂಕಿಗಳು, ಠರಾವುಗಳು, ಗುಳೆ ಹೋದವರ ಪಟ್ಟಿ, ಸಂತೆ ಮೈದಾನದ ನಕ್ಷೆ, ಯಾವ ದಿನ ಏನು ತೆರೆದೆವು, ಯಾವ ದಿನ ಯಾಕೆ ತಡೆದೆವು, ಎಲ್ಲ ಒಂದೇ ವಹಿಯಲ್ಲಿ ಇರಲಿ. ಎರಡು ಪ್ರತಿ ಮಾಡಿ. ಪಿಡಿಒ ವರ್ಗವಾಗುತ್ತಾರೆ, ಸದಸ್ಯರು ಐದು ವರ್ಷಕ್ಕೆ ಬದಲಾಗುತ್ತಾರೆ. ಅದಕ್ಕೆ ಒಂದು ಪ್ರತಿ ಪಂಚಾಯಿತಿ ಕಪಾಟಿನಲ್ಲಿ, ಇನ್ನೊಂದು ಅಂಗನವಾಡಿಯಲ್ಲಿ. ನಮ್ಮ ವಹಿಯ ಮೊದಲ ಪುಟದಲ್ಲಿ ಡೈರಿ, ಗಿರಣಿ, ಟಂಟಂ ಮತ್ತು ಆಶಾ ಅಕ್ಕಾರ ಫೋನ್ ನಂಬರ್ ಇವೆ. ಪ್ರತಿ ವರ್ಷ ಜೂನ್‌ನಲ್ಲಿ ಅವು ಇನ್ನೂ ಹತ್ತುತ್ತವೆಯೇ ಎಂದು ಒಮ್ಮೆ ಫೋನ್ ಮಾಡಿ ನೋಡುತ್ತೇವೆ.